ಯೀಸ್ಟ್ ತಾಯಿಕೋಶ ಮೊಗ್ಗಿಗೆ ಏನನ್ನು ಕೊಡುತ್ತದೆ, ಏನನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಬೇಕರಿ ಯೀಸ್ಟನ್ನು ಸಕ್ಕರೆ ನೀರಿನಲ್ಲಿ ಕದಡಿ ಸೂಕ್ಷ್ಮದರ್ಶಕದಡಿ ಮೊಗ್ಗುಗಳನ್ನು ತೋರಿಸುತ್ತಿದ್ದಾಗ ಒಬ್ಬಳು ಹುಡುಗಿ, "ಟೀಚರೇ, ಕೋಶಕೇಂದ್ರ ಎರಡಾಗಿ ಒಂದು ಮೊಗ್ಗಿಗೆ ಹೋಗುತ್ತದೆ ಅಂತ ಪುಸ್ತಕದಲ್ಲಿದೆ. ಹಾಗಾದರೆ ಮೈಟೊಕಾಂಡ್ರಿಯ, ರಸದಾನಿ ಇವೆಲ್ಲ ಹೇಗೆ ಹೋಗುತ್ತವೆ? ತಾವಾಗಿಯೇ ಹರಿದು ಹೋಗುತ್ತವೆಯೋ, ಮೊಗ್ಗು ತನಗೆ ಬೇಕಾದದ್ದನ್ನು ಹೊಸದಾಗಿ ಮಾಡಿಕೊಳ್ಳುತ್ತದೆಯೋ?" ಎಂದು ಕೇಳಿದಳು. ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ದಯವಿಟ್ಟು ವಿವರಿಸುವಿರಾ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಎರಡು ಸಾಧ್ಯತೆಗಳನ್ನು ಮುಂದಿಟ್ಟಿದ್ದಾಳೆ. ನಿಜವಾಗಿ ನಡೆಯುವುದು ಬಹುಮಟ್ಟಿಗೆ ಮೂರನೆಯದು. ತಾಯಿಕೋಶದ ಕಣದಂಗಗಳಲ್ಲಿ, ಅಂದರೆ ಕೋಶದೊಳಗೆ ಬೇರೆ ಬೇರೆ ಕೆಲಸ ಮಾಡುವ ಭಾಗಗಳಲ್ಲಿ, ಹೆಚ್ಚಿನವು ತಾವಾಗಿ ಹರಿದು ಹೋಗುವುದಿಲ್ಲ, ಮೊಗ್ಗಿನೊಳಗೆ ಶೂನ್ಯದಿಂದ ಹುಟ್ಟುವುದೂ ಇಲ್ಲ. ಅವುಗಳನ್ನು ಒಂದೊಂದಾಗಿ ಹಿಡಿದು, ಹಳಿಗಳ ಮೇಲೆ ನಡೆಸಿಕೊಂಡು ಹೋಗಿ, ಮೊಗ್ಗಿನೊಳಗೆ ಬಿಟ್ಟು ಬರುವ ಏರ್ಪಾಟು ಯೀಸ್ಟಿನಲ್ಲಿದೆ. ಕೋಶಕೇಂದ್ರದ ವಿಭಜನೆಯನ್ನು ಹೇಳಿ ಉಳಿದದ್ದನ್ನು "ಕೋಶದ್ರವವೂ ಹಂಚಿಕೆಯಾಗುತ್ತದೆ" ಎಂಬ ಒಂದೇ ವಾಕ್ಯದಲ್ಲಿ ಮುಗಿಸುವ ರೂಢಿ ನಮ್ಮ ಪಠ್ಯಗಳಲ್ಲಿದೆ. ವಿಷಯದ ಸ್ವಾರಸ್ಯವೆಲ್ಲ ಆ ಒಂದು ವಾಕ್ಯದ ಅಡಿಯಲ್ಲಿ ಹೂತುಹೋಗಿದೆ ಎಂಬುದು ನನ್ನ ಬಹಳ ದಿನಗಳ ತಕರಾರು.

ಮೊದಲು, ಯೀಸ್ಟಿಗೆ ಇಂತಹ ಏರ್ಪಾಟು ಏಕೆ ಬೇಕಾಯಿತು ಎಂಬುದನ್ನು ನೋಡೋಣ. ನಮ್ಮ ದೇಹದ ಬಹುಪಾಲು ಕೋಶಗಳು ನಡುವಿನಲ್ಲಿ ಸೀಳಿ ಎರಡಾಗುತ್ತವೆ. ಅಲ್ಲಿ ನೂರಾರು ಕಣಗಳು ಕೋಶದ ತುಂಬ ಹರಡಿಕೊಂಡಿದ್ದರೆ ಸೀಳುವಾಗ ಎರಡೂ ಕಡೆಗೆ ಒಂದಿಷ್ಟು ಪಾಲು ಸಿಗುವುದು ಹೆಚ್ಚುಕಡಿಮೆ ಖಚಿತ. ಬೇಕರಿಯಲ್ಲೂ ಕಳ್ಳಿನಲ್ಲೂ ಕೆಲಸ ಮಾಡುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟಿನ ದಾರಿ ಬೇರೆ. ಸುಮಾರು 5 ಮೈಕ್ರೊಮೀಟರ್ ಅಡ್ಡಳತೆಯ ತಾಯಿಕೋಶದ ಮೈಮೇಲೆ ಒಂದು ಸಣ್ಣ ಉಬ್ಬು ಏಳುತ್ತದೆ, ಆ ಉಬ್ಬು ಬೆಳೆದು ಮರಿಕೋಶವಾಗುತ್ತದೆ. ಎರಡನ್ನೂ ಕೂಡಿಸುವ ಕತ್ತಿನ ಅಗಲ ಸುಮಾರು ಒಂದು ಮೈಕ್ರೊಮೀಟರ್ ಮಾತ್ರ, ಆ ಕತ್ತಿನ ಸುತ್ತ ಸೆಪ್ಟಿನ್ ಎಂಬ ಪ್ರೋಟೀನುಗಳ ಬಳೆಯೂ ಇರುತ್ತದೆ. ಒಳ್ಳೆಯ ಆಹಾರ ಮತ್ತು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಿಕ್ಕರೆ ಇಡೀ ಚಕ್ರ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟು ಕಿರಿದಾದ ದಾರಿಯಲ್ಲಿ, ಅಷ್ಟು ಕಡಿಮೆ ಸಮಯದಲ್ಲಿ, ತಾಯಿಕೋಶದ ಗಣನೀಯ ಭಾಗವನ್ನು ಆಕ್ರಮಿಸಿರುವ, ರಸ ತುಂಬಿದ ಚೀಲವಾದ ರಸದಾನಿಯಂಥ ದೊಡ್ಡ ಕಣದಂಗ ಅದೃಷ್ಟದ ಬಲದಿಂದ ಮೊಗ್ಗಿಗೆ ತೇಲಿ ಹೋಗುವುದನ್ನು ನಂಬಿ ಕೂತರೆ ಯೀಸ್ಟಿನ ವಂಶ ಉಳಿಯುವುದು ಕಷ್ಟ.

ಈ ಸಾಗಣೆಯ ಹಳಿಗಳೆಂದರೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಕಟ್ಟುಗಳು. ಆಕ್ಟಿನ್ ನಮ್ಮ ಸ್ನಾಯುಗಳಲ್ಲಿರುವುದೂ ಹೌದು. ಮೊಗ್ಗಿನ ತುದಿಯಲ್ಲಿ ಬಿಎನ್‌ಐ1 ಮತ್ತು ಕತ್ತಿನಲ್ಲಿ ಬಿಎನ್‌ಆರ್1 ಎಂಬ ಎರಡು ಪ್ರೋಟೀನುಗಳು ಕುಳಿತು ಈ ಎಳೆಗಳನ್ನು ನೇಯುತ್ತಲೇ ಇರುತ್ತವೆ, ಎಳೆಗಳು ತಾಯಿಕೋಶದ ಒಳಕ್ಕೆ ಚಾಚಿಕೊಳ್ಳುತ್ತವೆ. ಆಕ್ಟಿನ್ ಎಳೆಗೆ ಎರಡು ತುದಿಗಳಿದ್ದು ಅವು ಒಂದೇ ರೀತಿಯವಲ್ಲ. ಯೀಸ್ಟಿನಲ್ಲಿ ಎಲ್ಲ ಕಟ್ಟುಗಳೂ ಒಂದೇ ಮುಖವಾಗಿ ನಿಂತಿರುವುದರಿಂದ, ಅವುಗಳ ಮೇಲೆ ನಡೆಯುವ ಮಯೊಸಿನ್ ಎಂಬ ಚಾಲಕ ಪ್ರೋಟೀನಿಗೆ ದಾರಿ ಕೇಳಬೇಕಾದ ಪ್ರಮೇಯವೇ ಬರುವುದಿಲ್ಲ. ಹಳಿ ಹತ್ತಿದರೆ ಸಾಕು, ಅದು ಮೊಗ್ಗಿನ ಕಡೆಗೇ ನಡೆಯುತ್ತದೆ. ಯೀಸ್ಟಿನಲ್ಲಿರುವ ಐದು ಮಯೊಸಿನ್‌ಗಳಲ್ಲಿ ಸಾಗಣೆಗೆ ಮುಖ್ಯವಾದವು ಎರಡು, ಮಯೊ2 ಮತ್ತು ಮಯೊ4. ಇವುಗಳಲ್ಲಿ ಹೆಚ್ಚಿನ ಹೊರೆ ಹೊರುವುದು ಮಯೊ2.

ಒಂದೇ ಮಯೊ2 ಇಷ್ಟೊಂದು ಬಗೆಯ ಸರಕುಗಳನ್ನು ಗುರುತಿಸುವುದು ಹೇಗೆಂಬುದು ಮುಂದಿನ ಪ್ರಶ್ನೆ. ಮಯೊ2ವಿನ ಒಂದು ತುದಿಯಲ್ಲಿ ಹಳಿಯ ಮೇಲೆ ನಡೆಯುವ ಭಾಗವಿದ್ದರೆ, ಇನ್ನೊಂದು ತುದಿಯ ಬಾಲದಲ್ಲಿ ಸರಕನ್ನು ಹಿಡಿಯುವ ಉಂಡೆಯಂಥ ಭಾಗವಿದೆ. 1998ರಲ್ಲಿ ಕ್ಯಾಟ್ಲೆಟ್ ಮತ್ತು ಲೋಯಿಸ್ ವೈಸ್‌ಮನ್ ಎಂಬ ವಿಜ್ಞಾನಿಗಳು ತೋರಿಸಿದ ಸಂಗತಿ ಇಲ್ಲಿ ದಾರಿದೀಪದಂತಿದೆ. ಈ ಬಾಲದಲ್ಲಿ ಬದಲಾವಣೆಯಾದ ಯೀಸ್ಟ್‌ಗಳಲ್ಲಿ ಮೊಗ್ಗಿನ ಬೆಳವಣಿಗೆಗೆ ಬೇಕಾದ ಸಣ್ಣ ಚೀಲಗಳು ಎಂದಿನಂತೆ ಸಾಗುತ್ತಿದ್ದರೂ ರಸದಾನಿ ಮಾತ್ರ ತಾಯಿಯಲ್ಲೇ ಉಳಿದುಬಿಡುತ್ತಿತ್ತು. ಚಾಲಕ ಕೆಟ್ಟಿಲ್ಲ, ಹಳಿ ಕೆಟ್ಟಿಲ್ಲ, ಒಂದು ಸರಕಿನ ಹಿಡಿತ ಮಾತ್ರ ತಪ್ಪಿದೆ. ಅಂದರೆ ಬಾಲದ ಮೇಲೆ ಬೇರೆ ಬೇರೆ ಸರಕುಗಳಿಗೆ ಬೇರೆ ಬೇರೆ ಜಾಗಗಳಿವೆ. ಪ್ರತಿಯೊಂದು ಕಣದಂಗಕ್ಕೂ ಆ ಜಾಗವನ್ನು ಹಿಡಿಯಲು ತನ್ನದೇ ಆದ ಮಧ್ಯವರ್ತಿ ಪ್ರೋಟೀನ್ ಇದೆ.

ರಸದಾನಿಯ ಮಧ್ಯವರ್ತಿಯ ಹೆಸರು ವ್ಯಾಕ್17. ಅದು ಒಂದು ಕಡೆ ಮಯೊ2ವನ್ನೂ ಇನ್ನೊಂದು ಕಡೆ ರಸದಾನಿಯ ಪೊರೆಯಲ್ಲಿರುವ ವ್ಯಾಕ್8 ಎಂಬ ಪ್ರೋಟೀನನ್ನೂ ಹಿಡಿದುಕೊಳ್ಳುತ್ತದೆ. ತೋಟದ ಸೊಪ್ಪಿನ ಹೊರೆಗೂ ಹೊರುವವರ ತಲೆಗೂ ನಡುವೆ ಇರುವ ಸಿಂಬೆಯ ಸ್ಥಾನ ಇದರದು. ಮೊಗ್ಗು ಇನ್ನೂ ಚಿಕ್ಕದಿರುವಾಗಲೇ ಕೆಲಸ ಆರಂಭವಾಗುತ್ತದೆ. ಕತ್ತಿಗಿಂತ ಅಗಲವಾದ ರಸದಾನಿ ಇಡಿಯಾಗಿ ದಾಟಲಾರದು. ಆದ್ದರಿಂದ ಅದರ ಒಂದು ಅಂಚಿನಿಂದ ಕೊಳವೆಗಳೂ ಸಣ್ಣ ಗುಳ್ಳೆಗಳ ಸಾಲುಗಳೂ ಹೊರಟು ಕತ್ತಿನ ಮೂಲಕ ಮೊಗ್ಗಿನೊಳಗೆ ಇಳಿಯುತ್ತವೆ, ಒಳಗೆ ಸೇರಿದ ಮೇಲೆ ಒಂದಕ್ಕೊಂದು ಬೆಸೆದು ಮರಿಯ ರಸದಾನಿಯಾಗುತ್ತವೆ. ರಸದಾನಿಗೆ ಹೊಳೆಯುವ ಬಣ್ಣ ಹಾಕಿ ನೋಡಿದರೆ ತಾಯಿಯ ದುಂಡನೆಯ ಚೀಲದಿಂದ ಮಣಿಸರದಂತೆ ಒಂದು ಸಾಲು ಮೊಗ್ಗಿನತ್ತ ಸಾಗುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಹೊರುವುದಲ್ಲ, ಇಳಿಸುವುದು. ಮಯೊ2 ಮೊಗ್ಗಿನ ತುದಿಯಲ್ಲೇ ಕೊನೆಯವರೆಗೂ ನಿಲ್ಲುವುದಿಲ್ಲ. ಕೋಶಚಕ್ರದ ಕೊನೆಯಲ್ಲಿ, ತಾಯಿ ಮರಿಗಳ ನಡುವೆ ಗೋಡೆ ಕಟ್ಟುವ ಹೊತ್ತಿಗೆ, ಅದು ಕತ್ತಿನ ಕಡೆಗೆ ಮರಳುತ್ತದೆ. ಆಗಲೂ ರಸದಾನಿ ಅದಕ್ಕೆ ಅಂಟಿಕೊಂಡೇ ಇದ್ದರೆ ಅದೂ ಕತ್ತಿಗೆ ವಾಪಸು ಬರಬೇಕಾಗುತ್ತದೆ. ಹೀಗಾಗದಿರಲು ಯೀಸ್ಟ್ ಮಾಡುವ ಕೆಲಸವೆಂದರೆ, ರಸದಾನಿ ಮೊಗ್ಗಿನೊಳಗೆ ಸೇರಿದ ಮೇಲೆ ವ್ಯಾಕ್17 ಪ್ರೋಟೀನನ್ನೇ ಒಡೆದು ಹಾಕುವುದು. 2003ರಲ್ಲಿ ವೈಸ್‌ಮನ್ ಅವರ ತಂಡ ಇದನ್ನು ವಿವರಿಸಿತು. ಒಡೆಯಲಾಗದಂತೆ ಬದಲಾಯಿಸಿದ ವ್ಯಾಕ್17 ಇರುವ ಕೋಶಗಳಲ್ಲಿ ಮರಿಯ ರಸದಾನಿ ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ನಿಜಕ್ಕೂ ಕತ್ತಿನ ಬಳಿಗೆ ಬಂದು ಬೀಳುತ್ತದೆ. ಹೊರೆ ಇಳಿಸಿದ ಪ್ರತಿ ಸಲವೂ ಸಿಂಬೆಯನ್ನು ಹರಿದೆಸೆದು, ಮುಂದಿನ ಸಲಕ್ಕೆ ಹೊಸದನ್ನು ಹೆಣೆಯುವುದು ದುಂದುಗಾರಿಕೆ ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಇದರಿಂದ ಯೀಸ್ಟಿಗೆ ಸಾಗಣೆಯ ಸಮಯ ಮತ್ತು ದಿಕ್ಕು ಎರಡರ ಮೇಲೂ ಹತೋಟಿ ಸಿಗುತ್ತದೆ. ಕೋಶಚಕ್ರವನ್ನು ನಡೆಸುವ ಸಿಡಿಕೆ1 ಎಂಬ ಕಿಣ್ವವೇ ವ್ಯಾಕ್17ಕ್ಕೆ ಫಾಸ್ಫೇಟ್ ಗುರುತು ಹಚ್ಚಿ ಮಯೊ2ವನ್ನು ಹಿಡಿಯಲು ಅದನ್ನು ಸಿದ್ಧಗೊಳಿಸುತ್ತದೆ. ಹೀಗಾಗಿ ವರ್ಣತಂತುಗಳ ವಿಭಜನೆಯ ಗಡಿಯಾರಕ್ಕೂ ರಸದಾನಿಯ ಪಯಣಕ್ಕೂ ಒಂದೇ ತಾಳ.

ರಸದಾನಿ ಸಿಗದ ಮರಿಕೋಶ ಸಾಯುತ್ತದೆಯೇ ಎಂದು ನಿಮ್ಮ ಮಕ್ಕಳು ಮುಂದೆ ಕೇಳುವುದು ನಿಶ್ಚಿತ. ಸಾಯುವುದಿಲ್ಲ. ಅಂತಹ ಮರಿ ತನಗೊಂದು ಹೊಸ ರಸದಾನಿಯನ್ನು ಕಟ್ಟಿಕೊಳ್ಳಬಲ್ಲದು, ಆದ್ದರಿಂದ ಹುಡುಗಿಯ ಎರಡನೆಯ ಊಹೆಯಲ್ಲೂ ಹುರುಳಿದೆ. ಆದರೆ ಅದಕ್ಕೆ ಹೊತ್ತು ಹಿಡಿಯುತ್ತದೆ, ಕೆಲಸಕ್ಕೆ ಬರುವ ರಸದಾನಿ ಸಿದ್ಧವಾಗುವವರೆಗೆ ಆ ಮರಿ ತನ್ನ ಮೊದಲ ಮೊಗ್ಗನ್ನು ತೆಗೆಯುವುದಿಲ್ಲ. ಪೋಷಕಾಂಶಗಳ ಸ್ಥಿತಿಯನ್ನು ಗ್ರಹಿಸುವ ಟಾರ್ಕ್1 ಎಂಬ ಪ್ರೋಟೀನ್ ಸಂಕೀರ್ಣ ರಸದಾನಿಯ ಪೊರೆಯ ಮೇಲೆ ಕುಳಿತು ಕೆಲಸ ಮಾಡುವುದೇ ಇದಕ್ಕೆ ಒಂದು ಕಾರಣ. ರಸದಾನಿಯನ್ನು ಬರಿಯ ಕಸದ ಉಗ್ರಾಣವೆಂದು ಕಲಿಸುವವರು ಇದನ್ನು ಗಮನಿಸಬೇಕು.

ಕೋಶದ ಉಸಿರಾಟ ನಡೆಸುವ ಮೈಟೊಕಾಂಡ್ರಿಯದ ವಿಷಯದಲ್ಲಿ ಈ ರಿಯಾಯಿತಿ ಇಲ್ಲ. ಇರುವ ಮೈಟೊಕಾಂಡ್ರಿಯದಿಂದಲೇ ಇನ್ನೊಂದು ಹುಟ್ಟಬೇಕು. ಹೊಸದಾಗಿ ಕಟ್ಟಲು ಬರುವುದಿಲ್ಲ. ಅದರಲ್ಲಿ ತನ್ನದೇ ಡಿಎನ್‌ಎ ಇದೆ, ಅದು ಎಂಟು ಪ್ರೋಟೀನುಗಳಿಗೆ ಸಂಕೇತ ಒದಗಿಸುತ್ತದೆ. ಆ ಡಿಎನ್‌ಎ ಕಳೆದುಹೋದರೂ ಯೀಸ್ಟ್ ಸಕ್ಕರೆಯನ್ನು ಹುದುಗಿಸಿ ಬದುಕಬಲ್ಲದು. ಅಂತಹ ಕೋಶಗಳು ಕಟ್ಟುವ ಗುಂಪುಗಳು ಚಿಕ್ಕದಾಗಿರುತ್ತವೆ. 1949ರಲ್ಲಿ ಪ್ಯಾರಿಸ್ಸಿನಲ್ಲಿ ಬೋರಿಸ್ ಎಫ್ರುಸಿ ಅವುಗಳನ್ನು ವರ್ಣಿಸಿ, ಕೋಶಕೇಂದ್ರದ ಹೊರಗೂ ಆನುವಂಶಿಕತೆ ಇದೆ ಎಂಬ ಚರ್ಚೆಗೆ ಬಲ ತಂದರು. ಹಾಗೆಂದು ಉಸಿರಾಟ ಬೇಡದ ಯೀಸ್ಟಿಗೆ ಮೈಟೊಕಾಂಡ್ರಿಯವೇ ಬೇಡವೆಂದು ತಿಳಿಯಬಾರದು. ಕಬ್ಬಿಣ ಮತ್ತು ಗಂಧಕ ಸೇರಿದ ಸಣ್ಣ ಗೊಂಚಲುಗಳು ಕೋಶದ ಹಲವು ಕಿಣ್ವಗಳಿಗೆ ಬೇಕು, ಅವುಗಳ ತಯಾರಿ ಆರಂಭವಾಗುವುದು ಮೈಟೊಕಾಂಡ್ರಿಯದಲ್ಲೇ. ಆದ್ದರಿಂದ ಡಿಎನ್‌ಎ ಇಲ್ಲದ ಮೈಟೊಕಾಂಡ್ರಿಯವನ್ನಾದರೂ ಮರಿಗೆ ಕೊಡಲೇಬೇಕು. ಇದನ್ನು ಮಯೊ2ಕ್ಕೆ ಜೋಡಿಸಲು ಎಂಎಂಆರ್1 ಮತ್ತು ವೈಪಿಟಿ11 ಎಂಬ ಎರಡು ಪ್ರೋಟೀನುಗಳು ನೆರವಾಗುತ್ತವೆ. ಒಂದನ್ನು ತೆಗೆದರೆ ಇನ್ನೊಂದು ಸಂಭಾಳಿಸುತ್ತದೆ. ಎರಡನ್ನೂ ತೆಗೆದರೆ ಕೋಶಗಳ ಬೆಳವಣಿಗೆ ತೀವ್ರವಾಗಿ ಕುಸಿಯುತ್ತದೆ ಅಥವಾ ಅವು ಸತ್ತೇ ಹೋಗುತ್ತವೆ. ಇತ್ತ ತಾಯಿಯ ಪಾಲು ತಾಯಿಗೆ ಉಳಿಯಲೂಬೇಕಲ್ಲ? ಅದಕ್ಕಾಗಿ ನಮ್1 ಎಂಬ ಪ್ರೋಟೀನ್ ಒಂದಿಷ್ಟು ಮೈಟೊಕಾಂಡ್ರಿಯವನ್ನು ತಾಯಿಕೋಶದ ಹೊರ ಅಂಚಿಗೆ ಕಟ್ಟಿ ಹಾಕುತ್ತದೆ.

ಈ ಕೊಡುವ ಮತ್ತು ಹಿಡಿದಿಡುವ ಎಳೆದಾಟ ಅತ್ಯಂತ ನಿಚ್ಚಳವಾಗಿ ಕಾಣುವುದು ಕೊಬ್ಬಿನಾಮ್ಲಗಳನ್ನು ಒಡೆಯುವ ಪೆರಾಕ್ಸಿಸೋಮ್ ಎಂಬ ಪುಟ್ಟ ಕಣದಂಗಗಳಲ್ಲಿ. ಇನ್ಪ್2 ಎಂಬ ಪ್ರೋಟೀನ್ ಅವುಗಳನ್ನು ಮಯೊ2ಕ್ಕೆ ಜೋಡಿಸಿದರೆ, ಇನ್ಪ್1 ಅವುಗಳನ್ನು ಕೋಶದ ಅಂಚಿಗೆ ಬಿಗಿಯುತ್ತದೆ. ಇನ್ಪ್1 ಇಲ್ಲದ ಯೀಸ್ಟಿನಲ್ಲಿ ಪೆರಾಕ್ಸಿಸೋಮ್‌ಗಳು ಮೊಗ್ಗಿಗೆ ಗುಳೆ ಹೋಗಿ ತಾಯಿ ಬರಿದಾಗುತ್ತದೆ. ಇನ್ಪ್2 ಇಲ್ಲದಿದ್ದರೆ ಅವು ತಾಯಿಯಲ್ಲೇ ಕೂರುತ್ತವೆ. ಎರಡೂ ಇದ್ದಾಗ ತಾಯಿ ಮರಿ ಇಬ್ಬರಿಗೂ ಪಾಲು ಸಿಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ರಚುಬಿನ್ಸ್ಕಿ ಅವರ ತಂಡ 2005 ಮತ್ತು 2006ರಲ್ಲಿ ಈ ಜೋಡಿಯನ್ನು ಬೆಳಕಿಗೆ ತಂದಿತು.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪೊರೆ ಮತ್ತು ಗೋಡೆಯ ಸಾಮಗ್ರಿ ತುಂಬಿದ ಸ್ರವಿಕೆಯ ಚೀಲಗಳು ಎಲ್ಲಕ್ಕಿಂತ ಮೊದಲು ಹೊರಡುತ್ತವೆ, ಮೊಗ್ಗು ಬೆಳೆಯುವುದೇ ಅವುಗಳಿಂದ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದ ಕೊಳವೆಗಳನ್ನು ಮೊಗ್ಗಿಗೆ ಎಳೆಯುವುದು ಮಯೊ4. ಕೋಶಕೇಂದ್ರದ ಸರದಿ ತಡವಾಗಿ ಬರುತ್ತದೆ. ಯೀಸ್ಟಿನಲ್ಲಿ ಅದರ ಪೊರೆ ಒಡೆಯುವುದಿಲ್ಲವಾದ್ದರಿಂದ ಇಡೀ ಕೇಂದ್ರ ಕತ್ತಿನ ಮೂಲಕ ಉದ್ದಕ್ಕೆ ಚಾಚಿಕೊಂಡು ಎರಡಾಗುತ್ತದೆ. ಅದನ್ನು ಕತ್ತಿನ ಕಡೆಗೆ ತಿರುಗಿಸುವಾಗಲೂ ಕಾರ್9 ಎಂಬ ಪ್ರೋಟೀನಿನ ಮೂಲಕ ಮಯೊ2ವೇ ನೆರವಾಗುತ್ತದೆ. ಆಮೇಲಿನ ಎಳೆತ ಡೈನೀನ್ ಎಂಬ ಬೇರೊಂದು ಚಾಲಕನದು. ಪಠ್ಯದಲ್ಲಿ ಮೊದಲ ಸ್ಥಾನ ಪಡೆದಿರುವ ಕೋಶಕೇಂದ್ರ ನಿಜದ ಮೆರವಣಿಗೆಯಲ್ಲಿ ಹಿಂದಿನ ಸಾಲಿನದು ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರಿಗೆ ಖುಷಿಯಾಗಬಹುದು.

ಪ್ರಶ್ನೆ: ನಮ್ಮ ಕುಟುಂಬದವರು ಕುಂಬಳೆ ಕಡೆಯಲ್ಲಿ ತಲೆಮಾರುಗಳಿಂದ ಮೂರ್ತೆಯ ಕೆಲಸದಲ್ಲಿದ್ದಾರೆ. ಕಳ್ಳು ಇಳಿಸುವ ಮಡಕೆಯಲ್ಲಿ ಹಿಂದಿನ ದಿನದ ಅಂಶ ಉಳಿದಿರುವುದರಿಂದಲೇ ಹೊಸ ಕಳ್ಳು ಬೇಗ ಹುಳಿಯುತ್ತದೆ ಎನ್ನುತ್ತಾರೆ. ಅದೇ ಯೀಸ್ಟ್ ವರ್ಷಗಟ್ಟಲೆ ಮೊಗ್ಗೊಡೆಯುತ್ತಲೇ ಇದ್ದರೆ ಅದಕ್ಕೆ ಮುಪ್ಪು ಬರುವುದಿಲ್ಲವೇ? ತಾಯಿಯ ಮುಪ್ಪು ಮಗಳಿಗೂ ಹೋಗಬೇಕಲ್ಲ?

ಉತ್ತರ: ತಾಯಿಕೋಶಕ್ಕೆ ಮುಪ್ಪು ಬರುವುದು ನಿಜ. 1959ರಲ್ಲಿ ಮಾರ್ಟಿಮರ್ ಮತ್ತು ಜಾನ್‌ಸ್ಟನ್ ಎಂಬ ವಿಜ್ಞಾನಿಗಳು ಒಂದೊಂದೇ ತಾಯಿಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟುಕೊಂಡು, ಅದು ಹಡೆದ ಮರಿಗಳನ್ನು ಪ್ರತಿ ಸಲ ಬೇರ್ಪಡಿಸುತ್ತ ಎಣಿಸಿದರು. ಒಂದು ತಾಯಿ ಸಾಮಾನ್ಯವಾಗಿ 20ರಿಂದ 30 ಮೊಗ್ಗುಗಳನ್ನು ಕೊಟ್ಟು ನಿಲ್ಲುತ್ತದೆ. ಪ್ರತಿ ಮೊಗ್ಗು ಕಳಚಿದ ಜಾಗದಲ್ಲಿ ಕೈಟಿನ್‌ನಿಂದಾದ ದುಂಡನೆಯ ಗಾಯದ ಗುರುತು ಉಳಿಯುತ್ತದೆ, ಬಣ್ಣ ಹಾಕಿ ಎಣಿಸಿದರೆ ಆ ತಾಯಿ ಎಷ್ಟು ಮಕ್ಕಳವಳೆಂದು ಹೇಳಬಹುದು.

ಆದರೆ ಮಗಳು ಮಾತ್ರ ಬಹುತೇಕ ಹೊಸ ಲೆಕ್ಕದಿಂದಲೇ ಬದುಕು ಆರಂಭಿಸುತ್ತಾಳೆ. ಮೇಲಿನ ಉತ್ತರದಲ್ಲಿ ಹೇಳಿದ ಹಂಚಿಕೆಯ ಇನ್ನೊಂದು ಮುಖ ಇಲ್ಲಿದೆ. ತಾಯಿ ಎಲ್ಲವನ್ನೂ ಹಂಚುವುದಿಲ್ಲ. ಹಾನಿಗೊಂಡು ಮುದ್ದೆಗಟ್ಟಿದ ಪ್ರೋಟೀನುಗಳು ಹೆಚ್ಚಾಗಿ ತಾಯಿಯಲ್ಲೇ ಉಳಿಯುತ್ತವೆ. ವರ್ಣತಂತುವಿನಿಂದ ಕಳಚಿಕೊಂಡು ವೃತ್ತಾಕಾರದಲ್ಲಿ ಸೇರಿಕೊಳ್ಳುವ ಡಿಎನ್‌ಎ ತುಣುಕುಗಳೂ ತಾಯಿಯಲ್ಲೇ ಜಮೆಯಾಗುತ್ತವೆ. ಇವು ಮುಪ್ಪಿಗೆ ಕಾರಣವಾಗಬಲ್ಲವೆಂದು 1997ರಲ್ಲಿ ಸಿಂಕ್ಲೇರ್ ಮತ್ತು ಗ್ವಾರೆಂಟೆ ತೋರಿಸಿದರು. ಉತ್ತಮ ಸ್ಥಿತಿಯ ಮೈಟೊಕಾಂಡ್ರಿಯಗಳು ಮೊಗ್ಗಿಗೆ ಹೋಗುವ ಒಲವೂ ಕಂಡುಬಂದಿದೆ.

ಇವೆಲ್ಲಕ್ಕಿಂತ ನನಗೆ ವಿಶೇಷವೆನಿಸುವುದು ರಸದಾನಿಯ ಹುಳಿ. 2012ರಲ್ಲಿ ಹ್ಯೂಸ್ ಮತ್ತು ಗಾಟ್‌ಶ್ಲಿಂಗ್ ತೋರಿಸಿದಂತೆ, ತಾಯಿಗೆ ವಯಸ್ಸಾಗುತ್ತ ಹೋದ ಹಾಗೆ, ಅದೂ ಬದುಕಿನ ಸಾಕಷ್ಟು ಮೊದಲ ಹಂತದಲ್ಲೇ, ಅದರ ರಸದಾನಿಯ ಆಮ್ಲೀಯತೆ ಕುಗ್ಗುತ್ತದೆ, ಅದರ ಬೆನ್ನಿಗೇ ಮೈಟೊಕಾಂಡ್ರಿಯದ ಕೆಲಸವೂ ಕೆಡುತ್ತದೆ. ಅದೇ ತಾಯಿಯಿಂದ ಮಣಿಸರದಂತೆ ಮೊಗ್ಗಿಗೆ ಬಂದ ರಸದಾನಿ ಮಾತ್ರ ಮತ್ತೆ ಹುಳಿಯಾಗುತ್ತದೆ. ಕಾರಣದ ಒಂದು ಎಳೆ 2014ರಲ್ಲಿ ಸಿಕ್ಕಿತು. ಹೈಡ್ರೋಜನ್ ಅಯಾನುಗಳನ್ನು ಕೋಶದ ಹೊರಕ್ಕೆ ತಳ್ಳುವ ಪಿಎಂಎ1 ಎಂಬ ಪಂಪು ತಾಯಿಯ ಹೊರಪೊರೆಯಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ, ಹೊಸ ಮೊಗ್ಗಿನಲ್ಲಿ ಅದು ತೀರ ಕಡಿಮೆ. ಹೊರಕ್ಕೆ ತಳ್ಳುವುದು ಕಡಿಮೆಯಾದಾಗ ರಸದಾನಿಯನ್ನು ಹುಳಿಯಾಗಿಸಲು ಮರಿಕೋಶದೊಳಗೆ ಸಾಕಷ್ಟು ಅಯಾನುಗಳು ಉಳಿಯುತ್ತವೆ. ಅಂದರೆ ಮರಿಯ ಯೌವನಕ್ಕೆ ಕಾರಣ ತಾಯಿ ಕೊಟ್ಟದ್ದು ಮಾತ್ರವಲ್ಲ, ಕೊಡದೆ ಇಟ್ಟುಕೊಂಡದ್ದೂ ಹೌದು. ಈ ಏರ್ಪಾಟಿಗೂ ಮಿತಿಯಿದೆ. ತೀರ ಮುದಿ ತಾಯಿಯ ಕೊನೆಕೊನೆಯ ಮರಿಗಳು ಅಲ್ಪಾಯುಗಳಾಗಿರುತ್ತವೆ.

ಇನ್ನು ನಿಮ್ಮ ಮಡಕೆಯ ಲೆಕ್ಕ. ಬೆಳೆಯುತ್ತಿರುವ ಯಾವುದೇ ಯೀಸ್ಟ್ ಸಮೂಹದಲ್ಲಿ ಸುಮಾರು ಅರ್ಧದಷ್ಟು ಕೋಶಗಳು ಈಗಷ್ಟೇ ಹುಟ್ಟಿದವು, ಕಾಲುಭಾಗ ಒಂದು ಮೊಗ್ಗು ಕೊಟ್ಟವು, ಎಂಟನೆಯ ಒಂದು ಭಾಗ ಎರಡು ಕೊಟ್ಟವು. ಇದೇ ಕ್ರಮದಲ್ಲಿ ಸಾಗಿದರೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಮೊಗ್ಗು ಕೊಟ್ಟ ಮುದಿ ತಾಯಿ ಸಿಗುವುದು ಹತ್ತು ಲಕ್ಷಕ್ಕೆ ಒಂದರಂತೆ. ಮಡಕೆಯ ಅಡಿಯಲ್ಲಿ ಉಳಿದ ಮಡ್ಡಿಯಿಂದ ಹೊಸ ಕಳ್ಳಿಗೆ ಸೇರುವುದು ಬಹುಪಾಲು ಎಳೆಯ ಕೋಶಗಳೇ. ಹಿರಿಯರ ಮಾತು ಸರಿ. ಹಳೆಯ ಅಂಶದಲ್ಲಿ ಯೀಸ್ಟಿನ ಜೊತೆಗೆ ಬ್ಯಾಕ್ಟೀರಿಯಗಳೂ ಇದ್ದು, ಹುಳಿಯಲ್ಲಿ ದೊಡ್ಡ ಪಾಲು ಅವುಗಳದೇ. ಕಾಸರಗೋಡಿನ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಹೊಂಬಾಳೆಯ ರಸವನ್ನು ಹುಳಿಯದ ಕಲ್ಪರಸವಾಗಿ ಸಂಗ್ರಹಿಸಲು ಮಂಜುಗಡ್ಡೆಯ ಪೆಟ್ಟಿಗೆಯನ್ನು ಬಳಸುವುದೂ ಈ ಎರಡೂ ಜೀವಿಗಳ ಬೆಳವಣಿಗೆಯನ್ನು ತಣ್ಣನೆಯ ರಸದಲ್ಲಿ ತಡೆಯುವುದಕ್ಕಾಗಿಯೇ.

ಪ್ರಶ್ನೆ: ಇದನ್ನೆಲ್ಲ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಲು ಸಾಧ್ಯವೇ? (ಮಂಜೇಶ್ವರದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಸ್ವಲ್ಪ ಮಟ್ಟಿಗೆ ಸಾಧ್ಯ. ಮೈಟೊಕಾಂಡ್ರಿಯ, ಪೆರಾಕ್ಸಿಸೋಮ್ ಮತ್ತು ಆಕ್ಟಿನ್ ಎಳೆಗಳು ಕಾಣುವುದಿಲ್ಲ. ಅವಕ್ಕೆ ಹೊಳೆಯುವ ಬಣ್ಣಗಳೂ ವಿಶೇಷ ಸೂಕ್ಷ್ಮದರ್ಶಕವೂ ಬೇಕು. ರಸದಾನಿ ಮಾತ್ರ ಬಣ್ಣವಿಲ್ಲದೆಯೂ ಕಾಣುತ್ತದೆ. ಜಪಾನಿನ ಯೊಶಿನೊರಿ ಒಸುಮಿ ಅವರು ಹಸಿವೆಗೆ ಒಡ್ಡಿದ ಯೀಸ್ಟಿನ ರಸದಾನಿಯೊಳಗೆ ಸಣ್ಣ ಕಣಗಳು ತುಂಬಿಕೊಂಡು ಕುಣಿಯುವುದನ್ನು ಮೊದಲು ಗಮನಿಸಿದ್ದು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲೇ. ಕೋಶ ತನ್ನನ್ನೇ ತಾನು ತಿಂದು ಮರುಬಳಸುವ ಕ್ರಿಯೆಯ ಕುರಿತ ಆ ಸಂಶೋಧನೆಗೆ 2016ರಲ್ಲಿ ನೊಬೆಲ್ ಬಂತು.

ಬರಿಯ ಸಕ್ಕರೆ ನೀರಿಗಿಂತ ಎಳನೀರಿನಲ್ಲಿ ಯೀಸ್ಟ್ ಕದಡಿರಿ, ಏಕೆಂದರೆ ಮೊಗ್ಗು ಬೆಳೆಯಲು ಸಕ್ಕರೆ ಮಾತ್ರವಲ್ಲದೆ ಸಾರಜನಕದ ಅಂಶವೂ ಬೇಕು. ಒಣ ಯೀಸ್ಟ್ ಚೇತರಿಸಿಕೊಳ್ಳಲು ಎರಡು ಮೂರು ಗಂಟೆ ಬಿಡಿರಿ. ಗಾಜಿನ ಪಟ್ಟಿಯ ಮೇಲೆ ಸಣ್ಣ ಹನಿ ಇಟ್ಟು, ತೆಳುಗಾಜು ಮುಚ್ಚಿ, 40 ಪಟ್ಟು ವರ್ಧಿಸುವ ಮಸೂರದಲ್ಲಿ ಬೆಳಕನ್ನು ಕಡಿಮೆ ಮಾಡಿ ನೋಡಿದರೆ ಕೋಶದೊಳಗೆ ನುಣುಪಾದ ದುಂಡನೆಯ ಜಾಗವೊಂದು ಕಾಣುತ್ತದೆ. ಅದೇ ರಸದಾನಿ. ಅರ್ಧ ಬೆಳೆದ ಮೊಗ್ಗುಗಳನ್ನು ಹುಡುಕಿ, ಅವುಗಳಲ್ಲೂ ಅಂತಹ ಜಾಗವಿದೆಯೇ ಎಂದು ಎಣಿಸಿ ಬರೆದಿಡಿ. ಕೊನೆಗೆ ಪಕ್ಕದಿಂದ ಒಂದು ಹನಿ ಮಿಥಿಲೀನ್ ಬ್ಲೂ ಬಿಟ್ಟರೆ ಸತ್ತ ಕೋಶಗಳು ಪೂರ್ತಿ ನೀಲಿಯಾಗುತ್ತವೆ. ಅವುಗಳನ್ನು ಎಣಿಕೆಯಿಂದ ಬಿಡಬೇಕು. ಶೇಂದಿ ಅಂಗಡಿಯ ಕಳ್ಳನ್ನು ತರಗತಿಗೆ ತರುವ ಉತ್ಸಾಹ ಬೇಡ. ಹೆಡ್‌ಮಾಸ್ತರರ ಪ್ರಶ್ನೆ ಒತ್ತಟ್ಟಿಗಿರಲಿ, ಅದರಲ್ಲಿ ಬ್ಯಾಕ್ಟೀರಿಯಗಳು ಎಷ್ಟೊಂದು ಇರುತ್ತವೆಂದರೆ ಮೊಗ್ಗು ಹುಡುಕುವುದೇ ತ್ರಾಸವಾಗುತ್ತದೆ.